ಮುಪ್ಪಿಗೆ ಮದ್ದಿಲ್ಲ, ಆರೈಕೆಯಿದೆ

ದೀರ್ಘಾಯುಷ್ಯವನ್ನು ಬಯಸದ ಮನುಷ್ಯನಿಲ್ಲ. ಮಕ್ಕಳನ್ನು ಹರಸುವಾಗಲೂ ನೂರು ವರ್ಷ ಬಾಳಿ ಎನ್ನುತ್ತೇವೆ. ಆದರೆ ಆ ಬಯಕೆ ಈಡೇರುತ್ತಿರುವುದರ ಮೊದಲ ಗುರುತು ಕಣ್ಣಿನ ಅಂಚಿನಲ್ಲಿ ಒಂದು ಗೆರೆಯಾಗಿ ಮೂಡಿದೊಡನೆ ಗಾಬರಿಗೊಳ್ಳುತ್ತೇವೆ. ಬದುಕು ಬೇಕು, ಬದುಕಿದ ಗುರುತು ಬೇಡ. ಈ ವಿಚಿತ್ರ ಮನಃಸ್ಥಿತಿಯನ್ನು ನೆಚ್ಚಿಕೊಂಡು ಇಂದು ಒಂದು ದೊಡ್ಡ ವ್ಯಾಪಾರವೇ ನಡೆಯುತ್ತಿದೆ.

ಬೆಂಗಳೂರಿನ ಚಂದ್ರಾ ಲೇಔಟ್‌ನ 80 ಅಡಿ ರಸ್ತೆಯಲ್ಲೋ, ಪಕ್ಕದ ವಿಜಯನಗರದಲ್ಲೋ ಒಂದು ಸಂಜೆ ಅಂಗಡಿಗಳನ್ನು ನೋಡುತ್ತಾ ನಡೆಯಿರಿ. ಮೆಡಿಕಲ್ ಶಾಪಿನ ಗಾಜಿನ ಕಪಾಟಿನಲ್ಲಿ ಕೆಮ್ಮಿನ ಔಷಧಿಗಿಂತ ಎತ್ತರದ ಸ್ಥಾನ ಮುಖಕ್ಕೆ ಹಚ್ಚುವ ಕ್ರೀಮುಗಳಿಗೂ ಸೀರಮ್‌ಗಳಿಗೂ ಸಿಕ್ಕಿದೆ. ಅವುಗಳ ಪೆಟ್ಟಿಗೆಯ ಮೇಲೆ ಲೋಳೆಸರದ ಎಲೆಯಿದೆ, ಅರಿಶಿನದ ಕೊಂಬಿದೆ, ಕಡಲ ಅಲೆಯಿದೆ. ಗಿಡಮೂಲಿಕೆಯ ಸಾರ, ಕಡಲಪಾಚಿಯ ಸಾರ, ಮೀನಿನ ಕೊಲಾಜಿನ್ ಮುಂತಾದ ಹೆಸರುಗಳಿವೆ. ಎಲ್ಲದರ ಭರವಸೆಯೂ ಒಂದೇ: ಇದನ್ನು ಹಚ್ಚಿದರೆ ನಿಮ್ಮ ವಯಸ್ಸು ಕಾಣಿಸದು.

ಸಹೋದರ ಸಹೋದರಿಯರೇ, ಈ ವಸ್ತುಗಳನ್ನು ಬಳಸುವುದು ಸರಿಯೋ ತಪ್ಪೋ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಈ ಲೇಖನದ ಉದ್ದೇಶವಲ್ಲ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಆ ಡಬ್ಬಿಯನ್ನು ಕೊಳ್ಳುವಾಗ ನಾವು ನಿಜವಾಗಿ ಏನನ್ನು ಕೊಳ್ಳುತ್ತಿದ್ದೇವೆ? ಚರ್ಮಕ್ಕೆ ಆರೈಕೆಯನ್ನೋ, ಅಥವಾ ವಯಸ್ಸಿನ ಭಯದಿಂದ ಬಿಡುಗಡೆಯನ್ನೋ? ಮೊದಲನೆಯದು ಮಾರುಕಟ್ಟೆಯಲ್ಲಿ ಸಿಗುತ್ತದೆ, ಅದೂ ಬಹಳ ಅಗ್ಗವಾಗಿ. ಎರಡನೆಯದು ಯಾವ ಬೆಲೆಗೂ ಅಲ್ಲಿ ಸಿಗುವುದಿಲ್ಲ.

ಅಂದವಾಗಿರುವುದು ತಪ್ಪಲ್ಲ

ಮುಖಕ್ಕೆ ಎಣ್ಣೆ ಹಚ್ಚುವುದನ್ನೂ ತಲೆ ಬಾಚುವುದನ್ನೂ ಧರ್ಮನಿಷ್ಠೆಗೆ ವಿರುದ್ಧವೆಂದು ಭಾವಿಸುವವರು ನಮ್ಮಲ್ಲಿ ಅಲ್ಲಲ್ಲಿ ಇದ್ದಾರೆ. ಇದಕ್ಕೆ ಆಧಾರವಿಲ್ಲ. ಅಲ್ಲಾಹನು ತನ್ನ ದಾಸರಿಗಾಗಿ ಉಂಟುಮಾಡಿದ ಅಲಂಕಾರವನ್ನು ನಿಷಿದ್ಧಗೊಳಿಸಿದವರು ಯಾರೆಂದು ಅಲ್ ಅಅ್‌ರಾಫ್ ಅಧ್ಯಾಯವು ಪ್ರಶ್ನಿಸುತ್ತದೆ. ಪ್ರವಾದಿವರ್ಯರು(ಸ) ಸುಗಂಧವನ್ನು ಇಷ್ಟಪಡುತ್ತಿದ್ದರು, ಕೂದಲಿಗೆ ಎಣ್ಣೆ ಹಚ್ಚುತ್ತಿದ್ದರು. ಆಲಿವ್ ಎಣ್ಣೆಯನ್ನು ತಿನ್ನಲೂ ಮೈಗೆ ಹಚ್ಚಲೂ ಬಳಸುವಂತೆ ಹೇಳಿದ ವರದಿಗಳಿವೆ. ಶರೀರವು ನಮ್ಮ ಸ್ವಂತ ಆಸ್ತಿಯಲ್ಲ, ಕೆಲವು ಕಾಲಕ್ಕೆ ನಮ್ಮ ಕೈಗೊಪ್ಪಿಸಲಾದ ಅಮಾನತ್ತು. ಅಮಾನತ್ತನ್ನು ಒಣಗಲು, ಬಿರಿಯಲು ಬಿಡುವುದು ವೈರಾಗ್ಯವಲ್ಲ, ಉದಾಸೀನ.

ಚಿಕಿತ್ಸೆಯ ಬಗ್ಗೆ ಹೇಳುತ್ತಾ ಪ್ರವಾದಿವರ್ಯರು(ಸ) ಒಂದು ಸೂಕ್ಷ್ಮವನ್ನು ತಿಳಿಸಿದ್ದಾರೆ. ಅಲ್ಲಾಹನು ಇಳಿಸಿದ ಪ್ರತಿಯೊಂದು ವ್ಯಾಧಿಗೂ ಔಷಧಿಯನ್ನೂ ಇಳಿಸಿರುವನು, ಅದಕ್ಕೆ ಹೊರತಾದುದು ಒಂದೇ, ಅದು ಮುಪ್ಪು. ನಮ್ಮ ಚರ್ಚೆಗೆ ಬೇಕಾದ ತತ್ವ ಇಲ್ಲೇ ಇದೆ. ಚಿಕಿತ್ಸೆಯನ್ನು ಹುಡುಕಲು ಆಜ್ಞಾಪಿಸಿದ ಅದೇ ಮಾತು ಚಿಕಿತ್ಸೆಯ ಮೇರೆಯನ್ನೂ ಗುರುತಿಸಿದೆ. ಮುಪ್ಪನ್ನು ಏನೆಂದು ಕರೆದರೂ ಅದನ್ನು ವಾಸಿಮಾಡುವ ಮದ್ದಿಲ್ಲ. ಆದರೆ ವಾಸಿಯಾಗದ್ದಕ್ಕೂ ಆರೈಕೆಯಿದೆ. ಈ ಎರಡರ ವ್ಯತ್ಯಾಸ ಮರೆತಾಗಲೇ ಮೋಸಕ್ಕೆ ಬಾಗಿಲು ತೆರೆಯುತ್ತದೆ.

ತುಮಕೂರು ರಸ್ತೆಯ ಸಾರೋದ್ಯಮ

ಗಿಡಮೂಲಿಕೆಗಳ ಸಾರ ತೆಗೆಯುವುದು ಯಾವುದೋ ದೂರದೇಶದ ವಿದ್ಯೆಯಲ್ಲ. ಪಶ್ಚಿಮ ಬೆಂಗಳೂರಿನವರಿಗೆ ಅದು ನೆರೆಮನೆಯ ಕಸುಬು. ಮೊದಲ ಮಹಾಯುದ್ಧದ ಕಾಲದಲ್ಲಿ ಮೈಸೂರಿನ ಗಂಧದ ಮರಗಳು ಹೊರದೇಶಕ್ಕೆ ಹೋಗದೆ ರಾಶಿಬಿದ್ದಾಗ, ಇಲ್ಲಿಯೇ ಎಣ್ಣೆ ತೆಗೆಯುವ ಕೆಲಸ ಆರಂಭವಾಯಿತು. ಆ ದಿನಗಳಲ್ಲೇ ಮೈಸೂರು ಸಂಸ್ಥಾನದ ಸರಕಾರಿ ಸಾಬೂನು ಕಾರ್ಖಾನೆ ಸ್ಥಾಪನೆಯಾಯಿತು. ಅದು 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೆ ಬಂತು. ಮೈಸೂರು ಸ್ಯಾಂಡಲ್ ಸೋಪಿನ ಪರಿಮಳ ಇಂದಿಗೂ ಅಲ್ಲಿಂದಲೇ ಹೊರಡುತ್ತದೆ.

ಅದೇ ತುಮಕೂರು ರಸ್ತೆಯಲ್ಲಿ ಮುಂದೆ ಹೋದರೆ ಪೀಣ್ಯ. ಕೇರಳ ಮೂಲದ ಔಷಧ ವಿಜ್ಞಾನಿ ಮುಹಮ್ಮದ್ ಮಜೀದ್ 1991ರಲ್ಲಿ ಇಲ್ಲಿ ಸಾಮಿ ಲ್ಯಾಬ್ಸ್ ಆರಂಭಿಸಿದರು. ಅರಿಶಿನದ ಸಾರವನ್ನು ಶುದ್ಧೀಕರಿಸಿ ಹೊರದೇಶಗಳಿಗೆ ಕಳುಹಿಸಿ ಹೆಸರಾದ ಅವರು 2023ರಲ್ಲಿ ನಿಧನರಾದರು. ಇನ್ನೂ ಮುಂದೆ ಮಾಕಳಿಯಲ್ಲಿ ಹಿಮಾಲಯ ಕಂಪೆನಿಯಿದೆ. ಮುಹಮ್ಮದ್ ಮನಾಲ್ ಅವರು 1930ರಲ್ಲಿ ಡೆಹ್ರಾಡೂನಿನಲ್ಲಿ ಆರಂಭಿಸಿದ ಆ ಸಂಸ್ಥೆ 1975ರಲ್ಲಿ ಬೆಂಗಳೂರಿಗೆ ಬಂತು. ನಮ್ಮ ಬಡಾವಣೆಗಳ ಎಷ್ಟೋ ಮನೆಗಳಿಗೆ ಅನ್ನ ಬರುವುದು ಇಂತಹ ಕಾರ್ಖಾನೆಗಳ ದುಡಿಮೆಯಿಂದ. ಆದುದರಿಂದ ಈ ಕಸುಬನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ.

ಇಂತಹ ಕಾರ್ಖಾನೆಗಳಿಂದ ಕಲಿಯಬೇಕಾದ ಒಂದು ಪಾಠವಿದೆ. ಅರಿಶಿನವೇ ಬೇರೆ, ಅರಿಶಿನದ ಸಾರವೇ ಬೇರೆ. ಒಣ ಅರಿಶಿನದಲ್ಲಿ ಅದರ ಮುಖ್ಯ ವಸ್ತುವಾದ ಕರ್ಕ್ಯುಮಿನ್ ಇರುವುದು ನೂರರಲ್ಲಿ ಕೆಲವೇ ಪಾಲು. ಅದನ್ನು ಬೇರ್ಪಡಿಸಿ, ಪ್ರಮಾಣ ಅಳೆದು, ಹಳದಿ ಬಣ್ಣ ಅಂಟದಂತೆ ಮಾರ್ಪಡಿಸಿ, ಪರೀಕ್ಷಿಸಿದ ಬಳಿಕವೇ ಮುಖದ ಕ್ರೀಮಿಗೆ ಸೇರಿಸುತ್ತಾರೆ. ಒಂದು ಡಬ್ಬಿಯ ಮೇಲೆ ಅರಿಶಿನದ ಚಿತ್ರವಿದ್ದ ಮಾತ್ರಕ್ಕೆ ಒಳಗೆ ಎಷ್ಟು ಅರಿಶಿನವಿದೆ, ಯಾವ ರೂಪದಲ್ಲಿದೆ ಎಂಬುದು ತಿಳಿಯುವುದಿಲ್ಲ. ಚಿತ್ರ ಬರೆಯಲು ಖರ್ಚಿಲ್ಲ, ಸಾರ ಸೇರಿಸಲು ಖರ್ಚಿದೆ.

ಎಲೆ, ಬೀಜ, ಕಡಲಪಾಚಿ ಏನು ಮಾಡಬಲ್ಲವು?

ಚರ್ಮಕ್ಕೆ ವಯಸ್ಸಾಗುವುದೆಂದರೆ ಏನು? ಹೊರಪದರ ತೆಳುವಾಗುತ್ತದೆ, ತೈಲಗ್ರಂಥಿಗಳು ಬಡವಾಗುತ್ತವೆ, ಒಳಪದರದಲ್ಲಿ ಚರ್ಮಕ್ಕೆ ಬಿಗಿ ಕೊಡುವ ಕೊಲಾಜಿನ್ ಎಂಬ ನಾರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ. ಇದು ಸೃಷ್ಟಿಯ ನಿಯಮ. ದೌರ್ಬಲ್ಯದಿಂದ ಶಕ್ತಿಗೆ, ಶಕ್ತಿಯಿಂದ ಮತ್ತೆ ದೌರ್ಬಲ್ಯಕ್ಕೂ ನರೆಗೂ ಮನುಷ್ಯನನ್ನು ಒಯ್ಯಲಾಗುವುದೆಂದು ಅರ್ರೂಮ್ ಅಧ್ಯಾಯ ನೆನಪಿಸುತ್ತದೆ. ಹಾಗಿದ್ದರೂ ಈ ಪ್ರಯಾಣದಲ್ಲಿ ಚರ್ಮವನ್ನು ಆರೋಗ್ಯವಾಗಿಡಲು ಕೆಲವು ವಸ್ತುಗಳು ನೆರವಾಗುತ್ತವೆ ಎಂಬುದೂ ಸತ್ಯ.

ನಾವು ಚಟ್ನಿ, ತಂಬುಳಿ ಮಾಡುವ ಒಂದೆಲಗವನ್ನು ತೆಗೆದುಕೊಳ್ಳಿ. ಅದರ ಕೆಲವು ಅಂಶಗಳು ಕೊಲಾಜಿನ್ ತಯಾರಿಸುವ ಜೀವಕೋಶಗಳನ್ನು ಚುರುಕುಗೊಳಿಸುತ್ತವೆ ಎಂಬುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಗಾಯ ಮಾಯಿಸುವ ಮುಲಾಮುಗಳಲ್ಲಿ ಅದನ್ನು ಬಹುಕಾಲದಿಂದ ಬಳಸುತ್ತಾರೆ. ಬಾವಂಚಿ ಬೀಜದಿಂದ ದೊರೆಯುವ ಬಾಕುಚಿಯೋಲ್ ಎಂಬ ವಸ್ತುವನ್ನು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ವಿಜ್ಞಾನಿಗಳು 1966ರಲ್ಲಿ ಬೇರ್ಪಡಿಸಿದರು. ಸುಕ್ಕಿಗೆ ವೈದ್ಯರು ಕೊಡುವ ರೆಟಿನಾಲ್‌ನೊಂದಿಗೆ ಅದನ್ನು ಅಮೆರಿಕದಲ್ಲಿ 44 ಮಂದಿಯ ಮೇಲೆ 12 ವಾರ ಹೋಲಿಸಿ ನೋಡಲಾಯಿತು. ಸುಕ್ಕು ಮತ್ತು ಕಲೆಗಳು ಎರಡು ಗುಂಪಿನಲ್ಲೂ ಸರಿಸುಮಾರು ಸಮವಾಗಿ ಕಡಿಮೆಯಾದವು, ಬಾಕುಚಿಯೋಲ್ ಹಚ್ಚಿದವರಿಗೆ ಉರಿ ಕಡಿಮೆಯಿತ್ತು. ಇದು ಸಂತಸದ ಸುದ್ದಿ. ಆದರೆ 44 ಮಂದಿಯ ಮೇಲೆ 12 ವಾರ ನಡೆದ ಪರೀಕ್ಷೆ ಒಂದು ಒಳ್ಳೆಯ ಆರಂಭ ಮಾತ್ರ ಎಂಬುದನ್ನೂ ಮರೆಯಬಾರದು.

ಇದನ್ನು ಓದಿ ಗ್ರಂಥಿಗೆ ಅಂಗಡಿಯಿಂದ ಬಾವಂಚಿ ಬೀಜ ತಂದು ಅರೆದು ಹಚ್ಚಲು ಹೊರಡಬೇಡಿ. ಹಸಿ ಬೀಜದಲ್ಲಿ ಸೋರಲೆನ್ ಎಂಬ ಇನ್ನೊಂದು ವಸ್ತುವಿದೆ. ಅದು ಚರ್ಮದ ಮೇಲಿರುವಾಗ ಬಿಸಿಲು ತಾಗಿದರೆ ಚರ್ಮ ಬೆಂದುಹೋಗುತ್ತದೆ, ಗುಳ್ಳೆ ಏಳುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದವರಿಗೂ ಇಂತಹ ತೊಂದರೆ ಆಗುವುದುಂಟು. ಗಿಡದಿಂದ ಬಂದುದೆಲ್ಲ ನಿರಪಾಯಕಾರಿ ಎಂಬ ನಂಬಿಕೆ ಜಾಹೀರಾತು ನಮಗೆ ಕಲಿಸಿದ ದೊಡ್ಡ ತಪ್ಪುಗಳಲ್ಲೊಂದು.

ಇನ್ನು ಸಮುದ್ರದ ಸಂಪತ್ತು. ರಮಝಾನ್‌ನಲ್ಲಿ ಹಾಲಿಗೆ ಹಾಕಿ ತಣಿಸುವ ಚೈನಾ ಗ್ರಾಸ್ ಕಡಲಪಾಚಿಯ ಸಾರವೇ ಎಂಬುದು ಅನೇಕರಿಗೆ ತಿಳಿಯದು. ತನ್ನ ತೂಕದ ಎಷ್ಟೋ ಪಟ್ಟು ನೀರನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಲೋಶನ್‌ಗಳಲ್ಲಿ ಕಡಲಪಾಚಿಯ ಸಾರ ಮಾಡುವ ಮುಖ್ಯ ಕೆಲಸವೂ ಇದೇ. ಚರ್ಮದ ಮೇಲೆ ನೀರಿನ ಪಸೆಯನ್ನು ಉಳಿಸುತ್ತದೆ. ಪಸೆಯಿರುವ ಚರ್ಮದಲ್ಲಿ ಗೆರೆಗಳು ಕಡಿಮೆ ಕಾಣುತ್ತವೆ. ತೊಳೆದ ಮೇಲೆ ಗೆರೆಗಳು ಅಲ್ಲೇ ಇರುತ್ತವೆ.

ಮೀನಿನ ಚರ್ಮ ಮತ್ತು ಪೊರೆಯಿಂದ ತೆಗೆದ ಕೊಲಾಜಿನ್ ಬಗ್ಗೆ ಈಗ ಎಲ್ಲೆಲ್ಲೂ ಮಾತು. ಅಣುಗಳ ತೂಕವನ್ನು ಡಾಲ್ಟನ್ ಎಂಬ ಮಾನದಿಂದ ಅಳೆಯುತ್ತಾರೆ. ಆರೋಗ್ಯವಂತ ಚರ್ಮದ ಮೂಲಕ ಒಳನುಸುಳಲು ಅಣುವಿನ ತೂಕ ಸುಮಾರು 500 ಡಾಲ್ಟನ್‌ಗಿಂತ ಕಡಿಮೆ ಇರಬೇಕೆಂಬುದು ತಜ್ಞರು ಒಪ್ಪುವ ಲೆಕ್ಕ. ಪೂರ್ಣ ಕೊಲಾಜಿನ್ ಅಣುವಿನ ತೂಕ ಸುಮಾರು 3 ಲಕ್ಷ ಡಾಲ್ಟನ್! ಸೂಜಿಯ ಕಣ್ಣಿನೊಳಗೆ ಹಗ್ಗ ತೂರಿಸಿದಂತೆ. ಹಚ್ಚಿದ ಕೊಲಾಜಿನ್ ಒಳಗಿನ ಕೊಲಾಜಿನ್‌ಗೆ ಸೇರುವುದಿಲ್ಲ, ಮೇಲೆಯೇ ಪದರವಾಗಿ ಕುಳಿತು ಪಸೆ ಕಾಯುತ್ತದೆ. ನೀರಿಗೆ ಬೆರೆಸಿ ಕುಡಿಯುವ ಕೊಲಾಜಿನ್ ಪುಡಿಯ ಬಗ್ಗೆ 23 ಪರೀಕ್ಷೆಗಳನ್ನು ಒಟ್ಟುಸೇರಿಸಿ ನೋಡಿದ ವಿಮರ್ಶೆಯೊಂದು 2025ರಲ್ಲಿ ಪ್ರಕಟವಾಯಿತು. ಕಂಪೆನಿಗಳ ಹಣ ಪಡೆಯದೆ ನಡೆದ ಪರೀಕ್ಷೆಗಳನ್ನು ಮಾತ್ರ ಬೇರೆಯಾಗಿ ನೋಡಿದಾಗ ಸುಕ್ಕಿನ ಮೇಲೆ ಅದರ ಪರಿಣಾಮ ಕಾಣಲಿಲ್ಲ. ಪರೀಕ್ಷೆಗೆ ಹಣ ಕೊಟ್ಟವರು ಯಾರು ಎಂಬುದೂ ಒಂದು ನೈತಿಕ ಪ್ರಶ್ನೆಯೆಂದು ಇದರಿಂದ ಮನವರಿಕೆಯಾಗುತ್ತದೆ.

ಸುಕ್ಕಿನ ದೊಡ್ಡ ಕಾರಣ ಬಿಸಿಲು

ಮುಖದ ಸುಕ್ಕಿಗೆ ವಯಸ್ಸೊಂದೇ ಕಾರಣವಲ್ಲ. ಬಿಸಿಲು ದೊಡ್ಡ ಕಾರಣ, ತಂಬಾಕಿನ ಹೊಗೆ ಇನ್ನೊಂದು. 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 69 ವರ್ಷದ ಟ್ರಕ್ ಚಾಲಕನೊಬ್ಬನ ಚಿತ್ರ ಪ್ರಕಟವಾಯಿತು. 28 ವರ್ಷ ಹಾಲಿನ ಟ್ರಕ್ ಓಡಿಸಿದ ಆತನ ಮುಖದ ಬಲಭಾಗ ಸಾಮಾನ್ಯವಾಗಿತ್ತು. ಕಿಟಕಿಯ ಕಡೆಗಿದ್ದ ಎಡಭಾಗ ಹತ್ತಾರು ವರ್ಷ ಹೆಚ್ಚು ಮುದಿಯಾದಂತೆ ದಪ್ಪ ಸುಕ್ಕುಗಳಿಂದ ತುಂಬಿತ್ತು. ಒಂದೇ ಮನುಷ್ಯ, ಒಂದೇ ವಯಸ್ಸು, ಎರಡು ಮುಖ! ನಮ್ಮ ಲಾರಿ ಚಾಲಕರಿಗೆ ಆ ಬಿಸಿಲು ಬೀಳುವುದು ಬಲಗಡೆ, ಅಷ್ಟೇ ವ್ಯತ್ಯಾಸ.

ಆಸ್ಟ್ರೇಲಿಯದ ನಂಬೋರ್ ಎಂಬಲ್ಲಿ 55 ವರ್ಷದೊಳಗಿನ 903 ಮಂದಿಯನ್ನು ನಾಲ್ಕೂವರೆ ವರ್ಷ ಗಮನಿಸಲಾಯಿತು. ದಿನವೂ ಬಿಸಿಲು ತಡೆಯುವ ಕ್ರೀಮ್ ಹಚ್ಚಲು ಹೇಳಲಾದ ಗುಂಪಿನಲ್ಲಿ, ತಮಗೆ ತೋಚಿದಾಗ ಹಚ್ಚುವವರಿಗಿಂತ ಚರ್ಮದ ಮುಪ್ಪು ಶೇಕಡ 24ರಷ್ಟು ಕಡಿಮೆ ಕಂಡುಬಂತು. ಅದೇ ಪರೀಕ್ಷೆಯಲ್ಲಿ ಕ್ಯಾರೆಟ್ಟಿನಲ್ಲಿರುವಂತಹ ಬೀಟಾ ಕ್ಯಾರೊಟಿನ್ ಮಾತ್ರೆಗಳನ್ನೂ ಕೊಡಲಾಗಿತ್ತು. ಅದರಿಂದ ಪ್ರಯೋಜನ ಕಾಣಲಿಲ್ಲ. 2013ರಲ್ಲಿ ಪ್ರಕಟವಾದ ಈ ಫಲಿತಾಂಶ ಹೇಳುವುದೇನು? ಅಪರೂಪದ ಸಾರಗಳಿಗಿಂತ ನೆರಳು, ಕೊಡೆ, ತೋಳು ಮುಚ್ಚುವ ಬಟ್ಟೆ ಮತ್ತು ಬಿಸಿಲು ತಡೆಯುವ ಒಂದು ಸಾಧಾರಣ ಕ್ರೀಮ್ ಹೆಚ್ಚು ಉಪಕಾರಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಹವೆ ತಂಪಾಗಿದ್ದರೂ ಬಿಸಿಲಿನ ಅತಿನೇರಳೆ ಕಿರಣ ತೀಕ್ಷ್ಣವೇ. ತಂಪು ಗಾಳಿ ಅದನ್ನು ಮರೆಸುತ್ತದೆ, ತಡೆಯುವುದಿಲ್ಲ.

ರಾಶಿಯೊಳಗಿನ ಒದ್ದೆ ಧಾನ್ಯ

ಪ್ರವಾದಿವರ್ಯರು(ಸ) ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗಿನ ಧಾನ್ಯ ಒದ್ದೆಯಾಗಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಪ್ರವಾದಿವರ್ಯರು(ಸ) ಕೇಳಿದರು, ಮೋಸ ಮಾಡುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಆ ವ್ಯಾಪಾರಿ ಧಾನ್ಯದಲ್ಲಿ ಕಲ್ಲು ಬೆರೆಸಿರಲಿಲ್ಲ. ಒಳಗಿನದನ್ನು ಮೇಲೆ ಕಾಣದಂತೆ ಇಟ್ಟಿದ್ದ. ಅದೇ ಅಪರಾಧ.

ಈಗ ಡಬ್ಬಿಯನ್ನು ಕೈಗೆತ್ತಿಕೊಳ್ಳಿ. ಮುಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ಕಡಲಪಾಚಿಯ ಸಾರ ಎಂದಿದೆ. ಹಿಂಭಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಸಾಮಗ್ರಿಗಳ ಪಟ್ಟಿಯಿದೆ. ನಮ್ಮ ದೇಶದ 2020ರ ಸೌಂದರ್ಯ ಸಾಧನಗಳ ನಿಯಮದಂತೆ ಶೇಕಡ 1ಕ್ಕಿಂತ ಹೆಚ್ಚಿರುವ ವಸ್ತುಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು, ಅದಕ್ಕಿಂತ ಕಡಿಮೆಯಿರುವುದನ್ನು ಬಳಿಕ ಯಾವ ಕ್ರಮದಲ್ಲಾದರೂ ಬರೆಯಬಹುದು. ಮುಂಭಾಗದ ನಾಯಕ ಹಿಂಭಾಗದ ಪಟ್ಟಿಯಲ್ಲಿ ಸುಗಂಧದ್ರವ್ಯದ ಆಸುಪಾಸಿನಲ್ಲಿ ಕೊನೆಗೆ ನಿಂತಿದ್ದರೆ ಅವನ ಪಾಲು ಎಷ್ಟೆಂದು ನೀವೇ ಊಹಿಸಬಹುದು. 1940ರ ಔಷಧ ಮತ್ತು ಸೌಂದರ್ಯ ಸಾಧನಗಳ ಕಾಯಿದೆಯು ಇವೆರಡನ್ನೂ ಬೇರೆಬೇರೆಯಾಗಿ ನೋಡುತ್ತದೆ. ಶುಚಿ ಮಾಡಲು, ಅಂದಗೊಳಿಸಲು, ತೋರಿಕೆಯನ್ನು ಬದಲಿಸಲು ಇರುವುದು ಸೌಂದರ್ಯ ಸಾಧನ. ದೇಹದ ರಚನೆಯನ್ನೋ ಕಾರ್ಯವನ್ನೋ ಮಾರ್ಪಡಿಸಲು ಇರುವುದು ಔಷಧ. ತೋರಿಕೆಯ ವಸ್ತುವೆಂದು ಪರವಾನಿಗೆ ಪಡೆದು, ವಯಸ್ಸನ್ನು ಹಿಂದಕ್ಕೆ ತಿರುಗಿಸುವ ಔಷಧವೆಂಬಂತೆ ಮಾರುವುದು ಒದ್ದೆ ಧಾನ್ಯವನ್ನು ಒಳಗಿಟ್ಟಂತೆಯೇ.

ಎಲ್ಲ ತಯಾರಕರೂ ಹೀಗೆ ಎನ್ನುವಂತಿಲ್ಲ. ಆದರೆ ಹೆಸರು ವಿಳಾಸವಿಲ್ಲದೆ, ಗಿಡಮೂಲಿಕೆಯೆಂಬ ಮಾತನ್ನು ನಂಬಿಸಿ ಮಾರುವ ಡಬ್ಬಿಗಳು ಹಣವನ್ನಷ್ಟೇ ಕದಿಯುವುದಿಲ್ಲ. ಕೇರಳದ ಕೋಟಕ್ಕಲ್‌ನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್ ವರೆಗೆ ಒಂದು ಬಗೆಯ ಮೂತ್ರಪಿಂಡ ರೋಗದ 22 ಮಂದಿಯನ್ನು ಪರೀಕ್ಷಿಸಿದರು. ಅವರಲ್ಲಿ 15 ಮಂದಿಗೆ ಇದ್ದುದು ಆ ರೋಗದ ಅಪರೂಪದ ಒಂದು ರೂಪ. ಆ 15ರಲ್ಲಿ 13 ಮಂದಿ ಮುಖ ಬೆಳ್ಳಗಾಗಿಸುವ ಕ್ರೀಮು ಹಚ್ಚಿದವರು. ಇಂತಹ ಕ್ರೀಮುಗಳಲ್ಲಿ ಪಾದರಸವಿರುವುದುಂಟು. ಇನ್ನು ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದು ಮೊದಲ ವಾರ ಮುಖಕ್ಕೆ ಹೊಳಪು ತಂದು, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವನ್ನೇ ತೆಳುಮಾಡುತ್ತದೆ. ಮುಪ್ಪನ್ನು ಓಡಿಸಲು ಹೋಗಿ ಬೇಗನೆ ಕರೆದುಕೊಂಡು ಬಂದಂತೆ.

ಕಡಲಿನ ಸರಕು: ನಮ್ಮ ಎರಡು ಜವಾಬ್ದಾರಿಗಳು

ಸಮುದ್ರದ ಬೇಟೆ ಧರ್ಮಸಮ್ಮತವೆಂದು ಅಲ್ ಮಾಇದಃ ಅಧ್ಯಾಯದಲ್ಲಿದೆ. ಮೀನಿನ ವಿಷಯದಲ್ಲಿ ವಿದ್ವಾಂಸರಿಗೆ ಭಿನ್ನಮತವಿಲ್ಲ. ಇತರ ಕಡಲಜೀವಿಗಳನ್ನು ತಿನ್ನುವ ಬಗ್ಗೆ ಹನಫೀ ಮತ್ತು ಶಾಫಿಈ ವಿದ್ವಾಂಸರ ಅಭಿಪ್ರಾಯಗಳು ಬೇರೆಬೇರೆ. ಆದರೆ ಕೊಲಾಜಿನ್ ಎಂದಷ್ಟೇ ಬರೆದಿದ್ದರೆ ಅದು ಮೀನಿನದ್ದೆಂದು ತಿಳಿಯಬೇಡಿ. ಹಂದಿ ಮತ್ತು ದನದ ಚರ್ಮ, ಮೂಳೆಗಳಿಂದಲೂ ಅದನ್ನು ತೆಗೆಯುತ್ತಾರೆ. ಕುಡಿಯುವ ಪುಡಿಯಾದರೆ ಮೂಲವನ್ನು ವಿಚಾರಿಸಿ ಕೊಳ್ಳುವುದು ನಮ್ಮ ಕರ್ತವ್ಯ. ಸಂಶಯವಿದ್ದರೆ ಬಿಟ್ಟುಬಿಡಿ. ಅದಿಲ್ಲದೆ ಯಾರ ಆರೋಗ್ಯವೂ ಕೆಡುವುದಿಲ್ಲ.

ಮೂಲವನ್ನು ವಿಚಾರಿಸುವಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಕ್ರೀಮುಗಳಿಗೆ ನುಣುಪು ಕೊಡುವ ಸ್ಕ್ವಾಲೇನ್ ಎಂಬ ಎಣ್ಣೆಯನ್ನು ಆಳಸಮುದ್ರದ ಶಾರ್ಕ್ ಮೀನುಗಳ ಪಿತ್ತಜನಕಾಂಗದಿಂದಲೂ ತೆಗೆಯುತ್ತಾರೆ, ಆಲಿವ್ ಮತ್ತು ಕಬ್ಬಿನಿಂದಲೂ ಪಡೆಯಬಹುದು. ಆಳಸಮುದ್ರದ ಶಾರ್ಕ್‌ಗಳು ನಿಧಾನವಾಗಿ ಬೆಳೆಯುತ್ತವೆ, ಕೆಲವೇ ಮರಿಗಳನ್ನು ಹಾಕುತ್ತವೆ. ಅದೇ ವಸ್ತು ಗಿಡದಿಂದ ದೊರೆಯುವಾಗ ಒಂದು ಜೀವಕುಲವನ್ನು ನಮ್ಮ ಕೆನ್ನೆಯ ನುಣುಪಿಗಾಗಿ ಬರಿದುಮಾಡುವುದು ಯಾವ ನ್ಯಾಯ? ತಮಿಳುನಾಡಿನ ರಾಮನಾಥಪುರಂ ಕರಾವಳಿಯಲ್ಲಿ ಹೆಂಗಸರು ಉಪ್ಪುನೀರಿಗಿಳಿದು ಮುಳುಗುಹಾಕಿ ಕಡಲಪಾಚಿ ಸಂಗ್ರಹಿಸುತ್ತಾರೆ. ನಗರದ ಮುಖ ತಾಜಾ ಕಾಣಲೆಂದು ಅವರ ಮುಖ ಬಿಸಿಲಿನಲ್ಲಿ ಬಾಡುತ್ತದೆ. ಅವರಿಗೆ ಸಲ್ಲುವ ಕೂಲಿ ನ್ಯಾಯವಾದುದೇ ಎಂಬ ಪ್ರಶ್ನೆ ಕೂಡಾ ಹಲಾಲ್‌ನ ಪ್ರಶ್ನೆಯೇ.

ನಾಚಿಕೆಯನ್ನು ಕಲಿಸಿದವರು ಯಾರು?

ಈಗ ಪ್ರಶ್ನೆಯ ಬುಡಕ್ಕೆ ಬರೋಣ. ಒಬ್ಬ ಸಹೋದರಿ ಹೀಗೆ ಕೇಳಬಹುದು: ನನ್ನ ದುಡ್ಡು, ನನ್ನ ಮುಖ. ಹಚ್ಚಿಕೊಂಡರೆ ಮನಸ್ಸಿಗೆ ಹಿತವಾಗುತ್ತದೆ. ಇದರಿಂದ ಯಾರಿಗೇನು ನಷ್ಟ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮಿತವಾಗಿ, ಸಾಲ ಮಾಡದೆ, ಅಂದವಾಗಿರಲು ಬಯಸುವವರನ್ನು ದೂಷಿಸುವ ಹಕ್ಕು ಯಾರಿಗೂ ಇಲ್ಲ. ಅಂಗಡಿ, ಕಚೇರಿಗಳಲ್ಲಿ ಎಳೆಯ ಮುಖಗಳಿಗೇ ಮಣೆ ಹಾಕುವಾಗ, ನಲವತ್ತು ದಾಟಿದ ಹೆಂಗಸು ಕೆಲಸ ಉಳಿಸಿಕೊಳ್ಳಲು ಹೆಣಗುವಾಗ, ಅವಳ ಕೈಯಲ್ಲಿರುವ ಡಬ್ಬಿಯನ್ನು ನೋಡಿ ನಗುವುದು ಕ್ರೌರ್ಯ. ಹೆಂಡತಿಯ ಮುಖದ ಗೆರೆಗಳನ್ನು ಲೆಕ್ಕಹಾಕಿ ಚುಚ್ಚುಮಾತಾಡುವ ಗಂಡಸು, ಹೆಂಗಸರ ಶೋಕಿಯ ಬಗ್ಗೆ ಉಪದೇಶ ಮಾಡುವ ಮುನ್ನ ತನ್ನ ನಾಲಿಗೆಯನ್ನು ತಿದ್ದಿಕೊಳ್ಳಲಿ. ಆ ಗೆರೆಗಳಲ್ಲಿ ಅವನ ಮಕ್ಕಳಿಗಾಗಿ ನಿದ್ದೆಗೆಟ್ಟ ರಾತ್ರಿಗಳೂ ಇವೆ.

ಆದರೆ ಯಾರಿಗೇನು ನಷ್ಟ ಎಂಬುದಕ್ಕೆ ಉತ್ತರವಿದೆ. ಮಾರುಕಟ್ಟೆ ಮೊದಲು ನಾಚಿಕೆಯನ್ನು ಮಾರುತ್ತದೆ, ಆ ಬಳಿಕ ಅದಕ್ಕೆ ಮದ್ದನ್ನು. ಸುಕ್ಕು ಒಂದು ಕೊರತೆ, ನರೆ ಒಂದು ಅವಮಾನ ಎಂದು ಒಪ್ಪಿಕೊಂಡ ಮನೆಯಲ್ಲಿ ಅಜ್ಜಿಯ ಸ್ಥಾನ ಏನಾಗುತ್ತದೆ? ಅವಳ ಮೈಯೆಲ್ಲ ಸುಕ್ಕು, ತಲೆಯೆಲ್ಲ ನರೆ. ಅಮ್ಮ ಪ್ರತಿದಿನ ಕನ್ನಡಿಯ ಮುಂದೆ ನಿಂತು ತನ್ನ ವಯಸ್ಸನ್ನು ಶಪಿಸುವುದನ್ನು ಮಗಳು ನೋಡುತ್ತಾಳೆ. ಅವಳು ಎರಡು ಪಾಠ ಕಲಿಯುತ್ತಾಳೆ. ತನಗೂ ಈ ಅವಮಾನ ಕಾದಿದೆ ಎಂಬುದು ಒಂದು. ಮೂಲೆಯ ಮಂಚದಲ್ಲಿ ಮಲಗಿರುವ ದಾದಿ ಆ ಅವಮಾನದ ಮೂರ್ತಿ ಎಂಬುದು ಇನ್ನೊಂದು. ಯಾರೂ ಬಾಯಿಬಿಟ್ಟು ಹೇಳದ ಈ ಪಾಠ ಎಲ್ಲ ಉಪದೇಶಗಳಿಗಿಂತ ಆಳವಾಗಿ ಇಳಿಯುತ್ತದೆ. ಮುಖದ ಮೇಲಿನ ಕ್ರೀಮು ಒಬ್ಬರ ಸ್ವಂತ ವಿಷಯವಾಗಿರಬಹುದು. ಮುಪ್ಪಿನ ಬಗೆಗಿನ ತಿರಸ್ಕಾರ ಸ್ವಂತ ವಿಷಯವಲ್ಲ. ಅದು ಇಡೀ ಮನೆಗೆ ಹಬ್ಬುತ್ತದೆ.

ನರೆಗೂದಲಿನ ವಿಶ್ವಾಸಿಯನ್ನು ಗೌರವಿಸುವುದು ಅಲ್ಲಾಹನನ್ನು ಗೌರವಿಸುವುದರ ಭಾಗವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನರೆ ಕಾಣಿಸಬಾರದೆಂದು ಹೆದರುವ ಸಮಾಜಕ್ಕೆ ನರೆಯನ್ನು ಗೌರವಿಸಲು ಹೇಗೆ ಸಾಧ್ಯ?

ಆರೈಕೆ ಯಾರ ಚರ್ಮಕ್ಕೆ ಬೇಕು?

ಚರ್ಮ ಆರೋಗ್ಯವಾಗಿ ಮುಪ್ಪಾಗಬೇಕು ಎಂಬ ಮಾತು ಬಹಳ ಒಳ್ಳೆಯದು. ಆದರೆ ಜಾಹೀರಾತಿನಲ್ಲಿ ಈ ಮಾತನ್ನು ಆಡುವವಳು ಮೂವತ್ತರ ಬೆಡಗಿ. ನಿಜವಾಗಿ ಮುಪ್ಪಾದ ಚರ್ಮ ಯಾರದ್ದು? ನಮ್ಮ ಮನೆಯ ಎಪ್ಪತ್ತೆಂಬತ್ತರ ಹಿರಿಯರದ್ದು. ಅವರ ಚರ್ಮ ಕಾಗದದಂತೆ ತೆಳುವಾಗಿರುತ್ತದೆ. ಮಂಚದ ಅಂಚು ತಾಗಿದರೂ ಕಿತ್ತುಬರುತ್ತದೆ. ಮೊಣಕಾಲಿನ ಕೆಳಗೆ ಒಣಗಿ ಬಿರಿದು ರಾತ್ರಿಯಿಡೀ ತುರಿಕೆ. ಸಕ್ಕರೆ ಕಾಯಿಲೆಯಿದ್ದರೆ ಹಿಮ್ಮಡಿಯ ಒಂದು ಬಿರುಕು ವಾಸಿಯಾಗದ ಹುಣ್ಣಾಗಬಹುದು. ಇಲ್ಲಿ ಸುಕ್ಕಿನ ಚಿಂತೆಯಿಲ್ಲ, ನೋವಿನ ಚಿಂತೆಯಿದೆ.

ಆಸ್ಟ್ರೇಲಿಯದ 14 ವೃದ್ಧಾಶ್ರಮಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಹಿರಿಯರ ಕೈಕಾಲುಗಳಿಗೆ ದಿನಕ್ಕೆರಡು ಬಾರಿ ಪಸೆಯುಳಿಸುವ ಸಾದಾ ಕ್ರೀಮನ್ನು ತಪ್ಪದೆ ಹಚ್ಚಿದಾಗ ಚರ್ಮ ಕಿತ್ತು ಗಾಯವಾಗುವುದು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಆ ಗುಣ ಬಂದುದು ಯಾವ ಅಪರೂಪದ ಸಾರದಿಂದಲೂ ಅಲ್ಲ, ದಿನಕ್ಕೆರಡು ಬಾರಿ ಒಂದು ಕೈ ಆ ಚರ್ಮವನ್ನು ಮುಟ್ಟಿದುದರಿಂದ. ಫಿಲಿಪೈನ್ಸ್‌ನಲ್ಲಿ 2004ರಲ್ಲಿ 34 ಮಂದಿಯ ಒಣ ಚರ್ಮದ ಮೇಲೆ ನಡೆದ ಪರೀಕ್ಷೆಯಲ್ಲಿ ಶುದ್ಧ ತೆಂಗಿನೆಣ್ಣೆಯು ಔಷಧಾಲಯದ ಖನಿಜ ತೈಲದಷ್ಟೇ ಕೆಲಸ ಮಾಡಿತು. ನಮ್ಮ ಅಡುಗೆಮನೆಯ ತೆಂಗಿನೆಣ್ಣೆಯೂ ಒಂದು ಸಸ್ಯಸಾರವೇ. ಅದಕ್ಕೆ ಜಾಹೀರಾತು ಬೇಕಿಲ್ಲ, ಹಚ್ಚುವ ಕೈ ಬೇಕು.

ಮಾಡಬೇಕಾದುದು ಬಹಳ ಸರಳ. ಹಿರಿಯರ ಸ್ನಾನಕ್ಕೆ ಸುಡುವ ನೀರು ಬೇಡ, ಉಗುರುಬೆಚ್ಚಗಿನ ನೀರು ಸಾಕು. ಖಾರವಾದ ಸೋಪನ್ನು ಮೈಯೆಲ್ಲ ಉಜ್ಜುವುದು ಬೇಡ. ಮೈ ಒರೆಸಿ ಇನ್ನೂ ತುಸು ತೇವವಿರುವಾಗಲೇ ಎಣ್ಣೆಯನ್ನೋ ಸಾದಾ ಲೋಶನ್ನನ್ನೋ ಹಚ್ಚಿ. ದಿನಕ್ಕೆ ಐದು ಬಾರಿ ವುಝೂ ಮಾಡುವವರ ಕೈಕಾಲು ಬೇಗ ಒಣಗುವುದುಂಟು, ನಮಾಝ್ ಮುಗಿದ ಮೇಲೆ ಒಂದೆರಡು ಹನಿ ಎಣ್ಣೆ ಸವರಿದರೆ ಸಾಕು. ಎಲ್ಲ ಎಣ್ಣೆಯೂ ಎಲ್ಲ ಚರ್ಮಕ್ಕೂ ಒಗ್ಗುವುದಿಲ್ಲ, ಕೆಂಪಾದರೆ ಬದಲಿಸಿ. ಹುಣ್ಣು, ಬಣ್ಣ ಬದಲಾದ ಮಚ್ಚೆ, ಮಾಯದ ಬಿರುಕು ಕಂಡರೆ ಡಬ್ಬಿಯನ್ನು ಹುಡುಕದೆ ವೈದ್ಯರನ್ನು ಕಾಣಿರಿ.

ಪ್ರಿಯ ಓದುಗರೇ, ನಿಮ್ಮ ಮುಖಕ್ಕೆ ಏನನ್ನಾದರೂ ಹಚ್ಚಿಕೊಳ್ಳಿ. ಅದು ಶುದ್ಧವಾಗಿರಲಿ, ಧರ್ಮಸಮ್ಮತವಾಗಿರಲಿ, ನಿಮ್ಮ ಕೈಗೆಟುಕುವ ಬೆಲೆಯದ್ದಾಗಿರಲಿ. ಸುಳ್ಳು ಭರವಸೆಗೆ ಹಣ ಕೊಡಬೇಡಿ, ಸುಳ್ಳು ಭರವಸೆಯನ್ನು ಮಾರಿ ಹಣ ಪಡೆಯಲೂ ಬೇಡಿ. ಆದರೆ ಇಂದು ರಾತ್ರಿ ಮಲಗುವ ಮುನ್ನ ಮನೆಯ ಹಿರಿಯರ ಬಳಿ ಕುಳಿತು ಅವರ ಪಾದಗಳನ್ನೊಮ್ಮೆ ನೋಡಿ. ಬಿರಿದಿದ್ದರೆ ಒಂದಿಷ್ಟು ಎಣ್ಣೆ ಬಿಸಿಮಾಡಿ, ಆರಿಸಿ, ನಿಮ್ಮ ಕೈಯಾರೆ ಹಚ್ಚಿ. ಮಕ್ಕಳೂ ನೋಡಲಿ. ಮುಪ್ಪನ್ನು ಹೇಗೆ ಕಾಣಬೇಕೆಂದು ಅವರು ಕಲಿಯುವುದು ಅಲ್ಲಿಂದಲೇ. ನಾಳೆ ನಮ್ಮ ಚರ್ಮವೂ ತೆಳುವಾದಾಗ ಅವರು ಅದನ್ನು ಯಾವ ಕಣ್ಣಿನಿಂದ ನೋಡುವರೆಂಬುದು ಇಂದು ನಾವು ತೋರಿಸಿಕೊಡುವುದರ ಮೇಲೆ ನಿಂತಿದೆ. ಚರ್ಮದ ಆರೈಕೆಯಲ್ಲಿ ನಮ್ಮನ್ನು ವಿಚಾರಿಸಲಾಗುವುದಾದರೆ, ಈ ಪಾದಗಳ ಬಗ್ಗೆಯೇ ಮೊದಲು ವಿಚಾರಿಸಬಹುದು ಎಂಬ ಎಚ್ಚರ ನಮಗಿರಲಿ.